ಲೀಟರಿಗೆ ಎಷ್ಟು ಕೊಡುತ್ತೆ?

ಬೆಂಗಳೂರಿನ ಜೆ.ಸಿ. ರೋಡಿಗೆ ಅಂಟಿಕೊಂಡ ಗಲ್ಲಿಗಳಲ್ಲಿ ಟ್ಯೂನಿಂಗ್ ಎನ್ನುವುದೇ ಒಂದು ಪ್ರತ್ಯೇಕ ಕಸುಬಾಗಿತ್ತು. ಎಂಜಿನ್ ಬಿಚ್ಚುವವರು ಬೇರೆ, ಟಿಂಕರಿಂಗ್‌ನವರು ಬೇರೆ, ಡೈನಮೋ ಮತ್ತು ವೈರಿಂಗ್ ನೋಡುವವರು ಬೇರೆ. ಟ್ಯೂನಿಂಗ್ ಮೇಸ್ತ್ರಿಯ ಪಾಲಿಗೆ ಕಾರ್ಬುರೇಟರ್, ಪಾಯಿಂಟ್, ಪ್ಲಗ್, ಟ್ಯಾಪೆಟ್ ಇಷ್ಟೇ. ಗಾಡಿ ಕೆಟ್ಟು ನಿಂತಿತೆಂದು ಯಾರೂ ಅವರನ್ನು ಹುಡುಕಿಕೊಂಡು ಹೋಗುತ್ತಿರಲಿಲ್ಲ. ಚೆನ್ನಾಗಿ ಓಡುತ್ತಿದ್ದ ಗಾಡಿ ಪೆಟ್ರೋಲ್ ಜಾಸ್ತಿ ಕುಡಿಯತೊಡಗಿದಾಗ ಹೋಗುತ್ತಿದ್ದರು. ಅಪ್ಪನ ಪ್ರೀಮಿಯರ್ ಪದ್ಮಿನಿಯ ಜೊತೆ ನಾನು ಚಿಕ್ಕಂದಿನಿಂದ ಆ ಗಲ್ಲಿಗೆ ಹೋದವನು. ಮುಂದೆ ಕಾರು ನನ್ನ ಕೈಗೆ ಬಂದ ಮೇಲೂ ಅಲ್ಲಿಗೇ ಹೋಗುತ್ತಿದ್ದೆ. ಆ ಕಸುಬು ತುಂಬಿಕೊಂಡಿದ್ದ ಕಾಲವನ್ನೂ ಅದು ಸೊರಗಿದ ಕಾಲವನ್ನೂ ಕಣ್ಣಾರೆ ಕಂಡಿದ್ದೇನೆ.

ಮೈಲೇಜಿನ ಚಿಂತೆ ಮನೆಮನೆಗೆ ಬಂದದ್ದು 1973ರಲ್ಲಿ. ಆ ಅಕ್ಟೋಬರಿನಲ್ಲಿ ಅರಬ್-ಇಸ್ರೇಲ್ ಯುದ್ಧ ಶುರುವಾಗಿ, ಬ್ಯಾರೆಲ್ಲಿಗೆ ಸುಮಾರು 3 ಡಾಲರ್ ಇದ್ದ ಕಚ್ಚಾತೈಲ ಕೆಲವೇ ತಿಂಗಳಲ್ಲಿ 12 ಡಾಲರಿನ ಹತ್ತಿರಕ್ಕೆ ಹೋಯಿತು. ನಮ್ಮಲ್ಲೂ ಪೆಟ್ರೋಲ್ ದರ ಒಮ್ಮೆಲೇ ಏರಿತು. ಅಟಲ್ ಬಿಹಾರಿ ವಾಜಪೇಯಿ ಎತ್ತಿನಗಾಡಿ ಏರಿ ಸಂಸತ್ತಿಗೆ ಹೋಗಿ ಪ್ರತಿಭಟಿಸಿದ್ದು ಆ ನವೆಂಬರಿನಲ್ಲೇ. ಸಂಬಳದಲ್ಲಿ ಬದುಕುವವರ ಕಾರುಗಳು ವಾರವೆಲ್ಲ ಶೆಡ್ಡಿನಲ್ಲೇ ನಿಲ್ಲತೊಡಗಿದವು. ಕಡಿಮೆ ಕುಡಿಯುವ ಹೊಸ ಕಾರು ಕೊಳ್ಳೋಣವೆಂದರೆ ಅಂಥದ್ದು ಎಲ್ಲಿತ್ತು? ಅಂಬಾಸಿಡರ್, ಫಿಯೆಟ್, ಅಲ್ಲೊಂದು ಇಲ್ಲೊಂದು ಸ್ಟ್ಯಾಂಡರ್ಡ್. ಅವುಗಳ ಎಂಜಿನ್ನುಗಳೆಲ್ಲ ಯುರೋಪಿನಲ್ಲಿ ಐವತ್ತರ ದಶಕಕ್ಕೋ ಅದಕ್ಕೂ ಹಿಂದಕ್ಕೋ ಸೇರಿದ ವಿನ್ಯಾಸದವು. ಅಂಬಾಸಿಡರಿನ 1489 ಸಿಸಿ ಎಂಜಿನ್ ಲೀಟರಿಗೆ ಎಂಟೊಂಬತ್ತು ಕಿಲೋಮೀಟರ್ ಕೊಟ್ಟರೆ ಮಾಲೀಕರಿಗೆ ತೃಪ್ತಿ. 1974ರಿಂದ ಪದ್ಮಿನಿ ಎಂಬ ಹೆಸರು ಹೊತ್ತ ಫಿಯೆಟ್‌ನ 1089 ಸಿಸಿ ಎಂಜಿನ್ ಊರೊಳಗೆ ಹತ್ತು ಹನ್ನೊಂದು, ಹೈವೇಯಲ್ಲಿ ಹದಿಮೂರು ಹದಿನಾಲ್ಕು ಕೊಟ್ಟರೆ ಅದೇ ಹೆಚ್ಚು. ಇದ್ದ ಕಾರಿನಿಂದಲೇ ಇನ್ನೊಂದೆರಡು ಕಿಲೋಮೀಟರ್ ಹೊರಡಿಸುವುದೊಂದೇ ಉಳಿದ ದಾರಿ. ಮೇಸ್ತ್ರಿಗಳ ಕೈಗೆ ಬೆಲೆ ಬಂದದ್ದು ಹಾಗೆ.

ನಾವು ಹೋಗುತ್ತಿದ್ದ ಮೇಸ್ತ್ರಿ ಮೊದಲು ಬಾನೆಟ್ ಎತ್ತುತ್ತಿರಲಿಲ್ಲ. ಗಾಡಿಯನ್ನು ಸಮತಟ್ಟು ಜಾಗದಲ್ಲಿ ನ್ಯೂಟ್ರಲ್‌ಗೆ ಹಾಕಿಸಿ, ಹಿಂದಿನಿಂದ ಒಂದು ಕೈಯಲ್ಲಿ ತಳ್ಳಿ ನೋಡುತ್ತಿದ್ದರು. ಸಲೀಸಾಗಿ ಉರುಳಲಿಲ್ಲವೆಂದರೆ ಜಾಕ್ ಏರಿಸಿ ಒಂದೊಂದೇ ಚಕ್ರ ತಿರುಗಿಸುವುದು, ಡ್ರಮ್ಮಿಗೆ ಬ್ರೇಕ್ ಲೈನರ್ ಉಜ್ಜುತ್ತಿದೆಯೇ ಎಂದು ಕಿವಿ ಕೊಡುವುದು. ಆಮೇಲೆ ಟೈರಿನ ಗಾಳಿ. "ಬ್ರೇಕು ಹಿಡ್ಕೊಂಡಿರೋ ಗಾಡಿಗೆ ಕಾರ್ಬುರೇಟರ್ ತಿರುಗಿಸಿ ಏನು ಪ್ರಯೋಜನ ಸ್ವಾಮಿ?" ಎಂದು ಅಪ್ಪನಿಗೆ ಹೇಳುತ್ತಿದ್ದರು. ಎಷ್ಟೋ ಗಾಡಿಗಳ ಕಾಯಿಲೆ ಅಲ್ಲಿಗೇ ವಾಸಿಯಾಗುತ್ತಿತ್ತು, ಅದಕ್ಕೆ ಅವರು ತೆಗೆದುಕೊಳ್ಳುತ್ತಿದ್ದುದು ಚಿಲ್ಲರೆ ಕಾಸು.

ಆಮೇಲೆ ಪ್ಲಗ್. ನಾಲ್ಕನ್ನೂ ಬಿಚ್ಚಿ, ಯಾವುದು ಯಾವ ಸಿಲಿಂಡರಿನದು ಎಂಬ ಕ್ರಮ ತಪ್ಪದಂತೆ ಬನಿಯನ್ ಬಟ್ಟೆಯ ಮೇಲೆ ಸಾಲಾಗಿ ಇಡುತ್ತಿದ್ದರು. ಹೆಚ್ಚಿನವು ನಮ್ಮ ಆಡುಗೋಡಿಯ ಮೈಕೋ ಕಾರ್ಖಾನೆಯಲ್ಲೇ ತಯಾರಾದವು. ತುದಿ ಕಾಫಿಪುಡಿಯ ಬಣ್ಣಕ್ಕಿದ್ದರೆ ಪೆಟ್ರೋಲೂ ಗಾಳಿಯೂ ಹದವಾಗಿ ಬೆರೆಯುತ್ತಿವೆ. ಒಣ ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚು. ಬೆಳ್ಳಗೆ ಸುಟ್ಟಂತಿದ್ದರೆ ಪೆಟ್ರೋಲ್ ಸಾಲದು, ಎಂಜಿನ್ ಕಾಯುತ್ತಿದೆ. ಮೂರು ಕಾಫಿ ಬಣ್ಣ, ಒಂದು ಮಾತ್ರ ಎಣ್ಣೆ ಹತ್ತಿದ ಕಪ್ಪು ಇದ್ದರೆ ಅದು ಟ್ಯೂನಿಂಗಿನ ತಪ್ಪಲ್ಲ, ಆ ಸಿಲಿಂಡರಿನ ರಿಂಗ್ ಸವೆದಿದೆ ಎಂದು ನೇರವಾಗಿ ಹೇಳಿ ಬೋರಿಂಗ್‌ನವರ ಕಡೆ ಕಳಿಸುತ್ತಿದ್ದರು.

ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದರೆ ಕಾಣುವ ಕಾಂಟ್ಯಾಕ್ಟ್ ಪಾಯಿಂಟುಗಳ ನಡುವಿನ ಸಂದು ಅರ್ಧ ಮಿಲಿಮೀಟರಿಗೂ ಕಡಿಮೆ. ಕ್ಯಾಮಿನ ಮೇಲೆ ಉಜ್ಜುವ ಹಿಮ್ಮಡಿ ದಿನ ಕಳೆದಂತೆ ಸವೆದು ಆ ಸಂದು ಕಿರಿದಾಗುತ್ತದೆ. ಆಗ ಕಿಡಿ ಹಾರುವ ಹೊತ್ತು ತಡವಾಗುತ್ತದೆ. ತಡವಾಗಿ ಹೊತ್ತಿಕೊಂಡ ಪೆಟ್ರೋಲಿನ ಬಲ ಚಕ್ರಕ್ಕೆ ಪೂರ್ತಿ ಹೋಗುವುದಿಲ್ಲ, ಬಿಸಿಯಾಗಿ ಸೈಲೆನ್ಸರಿನಿಂದ ಹೊರಗೆ ಹೋಗುತ್ತದೆ. ಗಾಡಿ ಸ್ಟಾರ್ಟ್ ಆಗುತ್ತದೆ, ಓಡುತ್ತದೆ, ಮಾಲೀಕನಿಗೆ ಏನೂ ತಿಳಿಯುವುದಿಲ್ಲ. ತಿಂಗಳ ಕೊನೆಯ ಪೆಟ್ರೋಲ್ ಲೆಕ್ಕದಲ್ಲಿ ಮಾತ್ರ ತಿಳಿಯುತ್ತದೆ. ಮೇಸ್ತ್ರಿ ಫೀಲರ್ ಗೇಜ್ ತೂರಿಸಿ, ಸ್ಕ್ರೂವನ್ನು ಕೂದಲೆಳೆಯಷ್ಟು ಸರಿಸಿ ಬಿಗಿ ಮಾಡುತ್ತಿದ್ದರು. ಗೇಜ್ ಇಲ್ಲದ ಊರುಗಳಲ್ಲಿ ಡ್ರೈವರುಗಳು ಪೋಸ್ಟ್‌ಕಾರ್ಡ್ ಮಡಿಸಿ ಇದೇ ಕೆಲಸ ಮಾಡಿಕೊಳ್ಳುತ್ತಿದ್ದರು.

ಸೋಲೆಕ್ಸ್ ಕಾರ್ಬುರೇಟರ್ ಬಿಚ್ಚುವುದು ಕೊನೆಗೆ. ಹಿತ್ತಾಳೆಯ ಮೇನ್ ಜೆಟ್ ಕಿರುಬೆರಳಿನ ಉಗುರಿಗಿಂತ ಚಿಕ್ಕದು. ಅದರ ಮೇಲೆ ಒತ್ತಿದ ಸಂಖ್ಯೆಯೇ ರಂಧ್ರದ ಅಳತೆ, ಮಿಲಿಮೀಟರಿನ ನೂರನೇ ಒಂದು ಭಾಗದ ಲೆಕ್ಕದಲ್ಲಿ. ಕೆಲಸ ಕಲಿಯುತ್ತಿದ್ದ ಹುಡುಗ ಕಸ ತೆಗೆಯಲು ತಂತಿ ಹಿಡಿದರೆ ಮೇಸ್ತ್ರಿ ಗದರುತ್ತಿದ್ದರು: "ಲೇ, ತಂತಿ ಹಾಕ್ಬೇಡ ಕಣೋ, ಗಾಳಿ ಹೊಡಿ." ತಂತಿ ಒಂದು ಸಲ ಉಜ್ಜಿದರೂ ರಂಧ್ರ ಹಿಗ್ಗಿ, ಆ ಜೆಟ್ ಇರುವವರೆಗೂ ಪೆಟ್ರೋಲ್ ಹೆಚ್ಚು ಸುರಿಯುತ್ತದೆ. ಫ್ಲೋಟ್ ಸೂಜಿ ಸವೆದಿದೆಯೇ ಎಂದು ನೋಡಿ, ಎಂಜಿನ್ ಬಿಸಿಯಾದ ಮೇಲೆ ಐಡ್ಲಿಂಗ್ ಸ್ಕ್ರೂ ತಿರುಗಿಸುತ್ತ, ತಲೆ ಬಾಗಿಸಿ ಸದ್ದು ಕೇಳುತ್ತ ನಿಲ್ಲುತ್ತಿದ್ದರು. ಆ ಹೊತ್ತಿಗೆ ಯಾರೂ ಮಾತಾಡುವಂತಿರಲಿಲ್ಲ.

ಕೆಲಸ ಮುಗಿದ ಮೇಲೆ ಪರೀಕ್ಷೆ. ಒಂದು ಲೀಟರಿನ ಬಾಟಲಿಗೆ ಅಳೆದು ಪೆಟ್ರೋಲ್ ಹಾಕಿ, ಬಾನೆಟ್ಟಿನ ಒಳಗೆ ಕಟ್ಟಿ, ಟ್ಯಾಂಕಿನ ಪೈಪ್ ಬಿಡಿಸಿ ಬಾಟಲಿಯ ಪೈಪನ್ನು ಪಂಪಿಗೆ ಕೊಡುತ್ತಿದ್ದರು. ಮೈಸೂರು ರಸ್ತೆಯಲ್ಲಿ ಹೋಗಿ, ಅರ್ಧ ದಾರಿಯಲ್ಲಿ ಮರಳಿ, ಪೆಟ್ರೋಲ್ ಮುಗಿದು ಗಾಡಿ ನಿಂತಲ್ಲಿ ಮೀಟರ್ ಓದುವುದು. ಲೀಟರಿಗೆ ಎಷ್ಟು ಕೊಡುತ್ತೆ ಎಂಬ ಪ್ರಶ್ನೆಗೆ ಗಿರಾಕಿಯ ಕಣ್ಣೆದುರೇ ಉತ್ತರ. ಈಗಿನ ಡ್ಯಾಶ್‌ಬೋರ್ಡ್ ತೋರಿಸುವ ಅಂಕಿಗಿಂತ ಆ ಬಾಟಲಿಯ ಲೆಕ್ಕವನ್ನೇ ನಾನು ಹೆಚ್ಚು ನಂಬುತ್ತೇನೆ.

ಮೈಲೇಜಿನ ಹೆಸರಿನಲ್ಲಿ ಗಾಡಿ ಹಾಳು ಮಾಡಿದವರೂ ಅದೇ ಗಲ್ಲಿಯಲ್ಲಿದ್ದರು. ಮೇನ್ ಜೆಟ್ಟಿಗೆ ಸೀಸದ ಬೆಸುಗೆ ಹಾಕಿ ರಂಧ್ರ ಕಿರಿದು ಮಾಡಿಕೊಡುವುದು ಒಂದು ಉಪಾಯ. ಕೆಲವು ದಿನ ಮೈಲೇಜ್ ಏರಿದಂತೆ ಕಾಣುತ್ತದೆ. ಆದರೆ ಪೆಟ್ರೋಲ್ ಸಾಲದ ಎಂಜಿನ್ ಏರಿನಲ್ಲಿ ಕಾದು, ಎಕ್ಸಾಸ್ಟ್ ವಾಲ್ವ್ ಸುಟ್ಟು, ಉಳಿಸಿದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು ಖರ್ಚಿಗೆ ದಾರಿ ಮಾಡುತ್ತದೆ. ಇನ್ನೊಂದು ಕೆಟ್ಟ ರೂಢಿ, ಎಂಜಿನ್ ಬಿಸಿಯಾಗುತ್ತದೆಂದು ಥರ್ಮೋಸ್ಟಾಟನ್ನೇ ಕಿತ್ತು ಬಿಸಾಡುವುದು. ಅದಿಲ್ಲದಿದ್ದರೆ ಎಂಜಿನ್ ಹದದ ಬಿಸಿಗೆ ಬರಲು ಬಹಳ ಹೊತ್ತು ಬೇಕು, ಅಲ್ಲಿಯವರೆಗೂ ಪೆಟ್ರೋಲ್ ಪೋಲು. ರೇಡಿಯೇಟರ್ ತೊಳೆಸುವುದು ಬಿಟ್ಟು ಥರ್ಮೋಸ್ಟಾಟ್ ಕೀಳುವುದು ಇವತ್ತಿಗೂ ನಿಂತಿಲ್ಲ. ಪೆಟ್ರೋಲಿಗೆ ಸೀಮೆಎಣ್ಣೆ ಬೆರೆಸುವ ಪಿಡುಗಂತೂ ದಶಕಗಳ ಕಾಲ ಕಾಡಿತು. ಅದನ್ನು ಕುಡಿದ ಎಂಜಿನ್ ಏರಿನಲ್ಲಿ ಟಕಟಕ ಎನ್ನುತ್ತದೆ, ಸದ್ದು ನಿಲ್ಲಿಸಲು ಟೈಮಿಂಗ್ ಹಿಂದಕ್ಕೆ ತಳ್ಳಬೇಕು, ತಳ್ಳಿದರೆ ಮೈಲೇಜ್ ಬೀಳುತ್ತದೆ. ಟ್ಯಾಕ್ಸಿಯವರು ಇದರಿಂದೆಲ್ಲ ಬೇಸತ್ತು ಅಂಬಾಸಿಡರಿಗೆ ಮೆಟಡಾರಿನ ಡೀಸೆಲ್ ಎಂಜಿನ್ ಕೂರಿಸಿಕೊಂಡರು.

"ಮೈಲೇಜು ಅರ್ಧ ಕಾರ್ಬುರೇಟರಿನಲ್ಲಿ, ಅರ್ಧ ನಿಮ್ಮ ಬಲಗಾಲಿನಲ್ಲಿ" ಎನ್ನುವುದು ಮೇಸ್ತ್ರಿಯ ಮಾತು. ಬೆಂಗಳೂರಿನ ಚಳಿಗಾಲದ ಬೆಳಿಗ್ಗೆ ಚೋಕ್ ಎಳೆದು ಸ್ಟಾರ್ಟ್ ಮಾಡಿದವರು ಅದನ್ನು ಪೂರ್ತಿ ಒಳಕ್ಕೆ ತಳ್ಳದೆ ಆಫೀಸಿನವರೆಗೂ ಹೋಗಿಬಿಡುತ್ತಿದ್ದರು. ಅಪ್ಪ ಚೋಕ್ ಎಳೆದಾಗಲೆಲ್ಲ ಕರವಸ್ತ್ರವನ್ನು ಆ ಗುಂಡಿಗೇ ಸುತ್ತಿ, ಒಳಕ್ಕೆ ತಳ್ಳಿದ ಮೇಲಷ್ಟೇ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಸ್ಟೇರಿಂಗ್ ಪಕ್ಕದ ಗೇರನ್ನು ಎಂಜಿನ್ ಕಿರುಚುವ ಮೊದಲೇ ಮೇಲಕ್ಕೆ ಹಾಕುವುದು, ಹೈವೇಯಲ್ಲಿ 50ರ ಆಸುಪಾಸು ಒಂದೇ ಸಮ ಓಡಿಸುವುದು ಅವರ ಪದ್ಧತಿ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟು. ಪದ್ಮಿನಿಯಂಥ ಚೌಕನೆಯ ಕಾರಿಗೆ 80 ದಾಟಿದ ಮೇಲೆ ಪೆಟ್ರೋಲೆಲ್ಲ ಗಾಳಿಯನ್ನು ಸೀಳುವುದಕ್ಕೇ ಹೋಗುತ್ತದೆ. 1978ರಲ್ಲಿ ಹುಟ್ಟಿದ ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಸ್ಥೆ ಮುಂದೆ ಜಾಹೀರಾತುಗಳಲ್ಲಿ ಹೇಳಿಕೊಂಡು ಬಂದದ್ದೂ ಇದನ್ನೇ. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುವ ಚಟ ಮಾತ್ರ ಅಪ್ಪನಿಗಿರಲಿಲ್ಲ. ಕಾರ್ಬುರೇಟರ್ ಗಾಡಿಯಲ್ಲಿ ಹಾಗೆ ಒಂದಿಷ್ಟು ಪೆಟ್ರೋಲ್ ಉಳಿಯುವುದು ನಿಜ. ಆದರೆ ಚಾರ್ಮಾಡಿಯಂಥ ಘಾಟಿಯಲ್ಲಿ ಎಂಜಿನ್ನಿನ ಹಿಡಿತ ಬಿಟ್ಟರೆ ಡ್ರಮ್ ಬ್ರೇಕ್ ಕಾದು ಕೈಕೊಡುತ್ತದೆ. ಆ ಉಳಿತಾಯ ಯಾರಿಗೂ ಬೇಡ.

1983ರ ಡಿಸೆಂಬರ್ 14ರಂದು ಮಾರುತಿ 800 ಬಂತು. 796 ಸಿಸಿ, ಮೂರೇ ಸಿಲಿಂಡರ್, ಪದ್ಮಿನಿಗಿಂತ ಇನ್ನೂರು ಕಿಲೋಗೂ ಹೆಚ್ಚು ಹಗುರ. ಯಾವ ಮೇಸ್ತ್ರಿಯ ಕೈಚಳಕವೂ ಇಲ್ಲದೆ ಲೀಟರಿಗೆ ಹದಿನಾರು ಹದಿನೇಳು ಕೊಟ್ಟಿತು. ಆದರೂ ಅದರಲ್ಲಿ ಕಾರ್ಬುರೇಟರ್ ಇದ್ದುದರಿಂದ ಗಲ್ಲಿಯ ಕೆಲಸ ಪೂರ್ತಿ ನಿಲ್ಲಲಿಲ್ಲ. ನಿಲ್ಲಿಸಿದ್ದು 2000ದ ಆಸುಪಾಸಿನಲ್ಲಿ ಬಂದ ಹೊಗೆಯ ನಿಯಮಗಳು. ಹೊಸ ಕಾರುಗಳಿಗೆಲ್ಲ ಫ್ಯೂಯಲ್ ಇಂಜೆಕ್ಷನ್ ಬಂತು, ಪೆಟ್ರೋಲ್ ಎಷ್ಟು ಬೇಕೆಂಬುದನ್ನು ಕಂಪ್ಯೂಟರೇ ಲೆಕ್ಕ ಹಾಕತೊಡಗಿತು. ಗಾಳಿ ಶುದ್ಧವಾಗಲು ಅದು ಬೇಕಿತ್ತು, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಐದಾರು ವರ್ಷಗಳಲ್ಲೇ ಗಲ್ಲಿಯ ಅಂಗಡಿಗಳು ಒಂದೊಂದಾಗಿ ಸೀಟ್ ಕವರ್, ಸ್ಟೀರಿಯೋ, ಸನ್ ಫಿಲ್ಮ್ ಅಂಗಡಿಗಳಾದವು. ನಮ್ಮ ಮೇಸ್ತ್ರಿಯ ಹತ್ತಿರ ಗದರಿಸಿಕೊಂಡು ಬೆಳೆದ ಹುಡುಗ ಸ್ಕ್ಯಾನರ್ ಹಿಡಿದು ಶೋರೂಮ್ ಸೇರಿದ. ಪದ್ಮಿನಿಯ ತಯಾರಿ ಆ ಹೊತ್ತಿಗೇ ನಿಂತಿತ್ತು, ಅಂಬಾಸಿಡರ್ 2014ರಲ್ಲಿ ನಿಂತಿತು.

ವಿಚಿತ್ರವೆಂದರೆ, ಆ ಕೈಗಳು ಹೆಚ್ಚು ಬೇಕಾಗಿರುವುದು ಈಗ. ಇಂದು ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥೆನಾಲ್ ಇದೆ. ಮಂಡ್ಯದ, ಬೆಳಗಾವಿಯ ಕಬ್ಬು ಬೆಳೆಗಾರನಿಗೆ ಅದರಿಂದ ಅನುಕೂಲವಾದರೆ ಸಂತೋಷವೇ. ಆದರೆ ಒಂದು ಲೀಟರ್ ಎಥೆನಾಲಿನಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಜೊತೆಗೆ ಅದರೊಳಗೇ ಆಮ್ಲಜನಕ ಇರುವುದರಿಂದ ಹಳೆಯ ಜೆಟ್ಟಿನಲ್ಲಿ ಮಿಶ್ರಣ ತೆಳುವಾಗುತ್ತದೆ. ಇಂಜೆಕ್ಷನ್ ಕಾರು ಇದನ್ನು ತಾನೇ ಸರಿಪಡಿಸಿಕೊಳ್ಳುತ್ತದೆ, ಕಾರ್ಬುರೇಟರಿಗೆ ಆ ಬುದ್ಧಿಯಿಲ್ಲ. ಬೆಳ್ಳಗಾದ ಪ್ಲಗ್ ನೋಡಿ ಒಂದು ಸಂಖ್ಯೆ ದೊಡ್ಡ ಜೆಟ್ ಹಾಕಲು ತಿಳಿದವರು ಬೇಕು. ಹಳೆಯ ರಬ್ಬರ್ ಪೈಪೂ ಪಂಪಿನ ಡಯಾಫ್ರಾಮೂ ಎಥೆನಾಲಿಗೆ ಮೆತ್ತಗಾಗುತ್ತವೆ, ಅದನ್ನು ತಡೆಯುವ ಜಾತಿಯವನ್ನು ಹಾಕಿಸಬೇಕು. ಎಥೆನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುವುದರಿಂದ ತಿಂಗಳುಗಟ್ಟಲೆ ನಿಲ್ಲಿಸಿದ ಕಾರಿನ ಟ್ಯಾಂಕ್ ಒಳಗಿನಿಂದ ತುಕ್ಕು ಹಿಡಿಯುತ್ತದೆ. ಹಳೆಯ ಕಾರನ್ನು ವಾರಕ್ಕೊಮ್ಮೆಯಾದರೂ ಓಡಿಸಬೇಕೆನ್ನುವುದು ಇದಕ್ಕೇ. ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸುವುದು, ರೇಡಿಯಲ್ ಟೈರ್ ಹಾಕಿಸುವುದು, ಇವೆರಡು ಹೊಸ ಬದಲಾವಣೆಗಳನ್ನು ನಾನು ಮನಸಾರೆ ಒಪ್ಪುತ್ತೇನೆ. ಪೆಟ್ರೋಲ್ ಪೈಪಿಗೆ ಕಟ್ಟುವ ಅಯಸ್ಕಾಂತ, ಟ್ಯಾಂಕಿಗೆ ಹಾಕುವ ಮಾತ್ರೆ ಇವುಗಳಿಗೆ ಒಂದು ರೂಪಾಯಿಯನ್ನೂ ಹಾಕಬೇಡಿ.

ಶ್ರೀರಂಗಪಟ್ಟಣದ ಹತ್ತಿರದ 'ಪಯಣ' ಸಂಗ್ರಹಾಲಯಕ್ಕೆ ಹೋದರೆ ಹಳೆಯ ಕಾರುಗಳನ್ನು ಎಷ್ಟು ಅಕ್ಕರೆಯಿಂದ ಉಳಿಸಿದ್ದಾರೆಂದು ಕಾಣಬಹುದು. ಕಾರು ಉಳಿಸುವಷ್ಟೇ ಆಸ್ಥೆಯಿಂದ ಅದನ್ನು ಟ್ಯೂನ್ ಮಾಡುವ ವಿದ್ಯೆಯನ್ನೂ ಉಳಿಸಬೇಕು. ಪುಸ್ತಕ ಓದಿ ಜೆಟ್ ಬದಲಾಯಿಸಬಹುದು, ಐಡ್ಲಿಂಗಿನ ಸದ್ದನ್ನು ಬಲ್ಲವರ ಪಕ್ಕ ನಿಂತೇ ಕಲಿಯಬೇಕು. ನಮ್ಮ ಐಟಿಐಗಳು ಇಂಥ ಹಿರಿಯರನ್ನು ಆಗಾಗ ಕರೆಸಿ ಮಕ್ಕಳ ಮುಂದೆ ಒಂದು ಕಾರ್ಬುರೇಟರ್ ಬಿಚ್ಚಿಸಲಿ. ನಿಮ್ಮ ಶೆಡ್ಡಿನಲ್ಲೂ ಒಂದು ಪದ್ಮಿನಿಯೋ ಅಂಬಾಸಿಡರೋ ಇದ್ದರೆ, ನಿಮ್ಮೂರಿನಲ್ಲಿ ಉಳಿದಿರುವ ಟ್ಯೂನಿಂಗ್ ಮೇಸ್ತ್ರಿಯನ್ನು ಹುಡುಕಿ. ಅವರು ಕೇಳಿದ ಕೂಲಿಗೆ ಚೌಕಾಸಿ ಮಾಡಬೇಡಿ. ಕೆಲಸ ಮಾಡಿಸುವಾಗ ಆಸಕ್ತಿಯಿರುವ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಜೊತೆಗೆ ಕರೆದುಕೊಂಡು ಹೋಗಿ.