ಗುಳ್ಳಿ ನಿಂತ್ವೇನು?

ಶ್ವಾಸಕೋಶದ ಕಾಯಿಲೆ ಅಂದ್ರೆ ಗಾಳಿ ಒಳಗೆ ಹೋಗೋದಿಲ್ಲ ಅಂತಷ್ಟೇ ನಾವೆಲ್ಲ ತಿಳಿದಿರ್ತೀವಿ. ಒಳಗೆ ಹೋದ ಗಾಳಿ ದಾರಿ ತಪ್ಪಿ ಎದೆಯೊಳಗೇ ಸೋರೋದೂ ಉಂಟು. ಅಪರೂಪ, ಆದ್ರೆ ಉಂಟು.

2021ರ ಏಪ್ರಿಲ್. ಕೋವಿಡ್‌ನ ಎರಡನೇ ಅಲೆಗೆ ನಮ್ಮ ನಾಗಪುರ ತತ್ತರಿಸಿತ್ತು. ಒಂದು ಬೆಡ್‌ಗಾಗಿ ಜನ ಊರೆಲ್ಲ ಅಲೀತಿದ್ರು. ಗದಗದ ಕಡೆಯ ನನ್ನ ಸಹೋದ್ಯೋಗಿಯೊಬ್ಬ ಆಸ್ಪತ್ರೆ ಸೇರಿ ಹನ್ನೆರಡು ದಿನ ಆಗಿತ್ತು. ಜ್ವರ ಬಿಟ್ಟಿತ್ತು, ಕೆಮ್ಮು ಬಿಟ್ಟಿರಲಿಲ್ಲ. ಅವತ್ತು ಫೋನ್ ಮಾಡಿ, "ಸರ, ಕುತ್ತಿಗಿ ಬಾತದ. ಒತ್ತಿದ್ರ ಚುರುಮುರಿ ತುಳಿದಂಗ ಸಪ್ಪಳ ಆಗ್ತದ" ಅಂದ.

ಸಿಟಿ ಸ್ಕ್ಯಾನ್ ನೋಡಿ ಡಾಕ್ಟರು ಫೋನಿನಲ್ಲೇ ವಿವರಿಸಿದ್ರು. ವೈರಸ್‌ನಿಂದ ಶ್ವಾಸಕೋಶದ ಪುಟ್ಟ ಗಾಳಿಚೀಲಗಳ ಗೋಡೆ ಸೊರಗಿರುತ್ತೆ. ಜೋರಾಗಿ ಕೆಮ್ಮಿದಾಗ ಒಡೆಯುತ್ತೆ. ಹೊರಬಿದ್ದ ಗಾಳಿ ರಕ್ತನಾಳಗಳ ಗುಂಟ ಎದೆಯ ನಡುಭಾಗಕ್ಕೆ ಬಂದು, ಅಲ್ಲಿಂದ ಕುತ್ತಿಗೆಯ ಚರ್ಮದಡಿಗೆ ಏರುತ್ತೆ. ಈ ದಾರಿಯನ್ನು ಕೆನಡಾದ ಮ್ಯಾಕ್ಲಿನ್ ಎಂಬ ವಿಜ್ಞಾನಿ 1939ರಲ್ಲೇ ಬರೆದಿಟ್ಟಿದ್ದಾರೆ. 2003ರ ಸಾರ್ಸ್ ರೋಗಿಗಳಲ್ಲೂ ಇದು ಕಂಡಿತ್ತು. ವೆಂಟಿಲೇಟರ್ ಹಾಕದವರಿಗೂ ಆಗುತ್ತೆ. ಅಷ್ಟಕ್ಕೇ ನಿಂತರೆ ಎಷ್ಟೋ ಸಲ ತಾನಾಗೇ ಇಂಗಿ ಹೋಗುತ್ತೆ. ಇವನಿಗೆ ನಿಲ್ಲಲಿಲ್ಲ. ಬಲಗಡೆ ಶ್ವಾಸಕೋಶದ ಸುತ್ತ ಗಾಳಿ ತುಂಬಿ ಅದು ಕುಗ್ಗಿತ್ತು. ಪಕ್ಕೆಯಲ್ಲಿ ನಳಿಕೆ ಹಾಕಬೇಕಾಯ್ತು.

ಊರಲ್ಲಿದ್ದ ಅವನ ತಾಯಿಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಹಿಂದಿಯಲ್ಲಿ ಕೇಳಿದ್ದನ್ನ ಕನ್ನಡದಲ್ಲಿ ಹೇಳಬೇಕು. "ಎದ್ಯಾಗ ಗಾಳಿ ಸೇರೇದ ಅವ್ವಾರ" ಅಂದೆ. ಆ ಕಡೆ ಒಂದು ಕ್ಷಣ ಸದ್ದೇ ಇಲ್ಲ. ಆಮೇಲೆ ಮೆಲ್ಲಗೆ, "ಗಾಳಿ ಸೋಕೇದೇನೋ ತಮ್ಮಾ? ತಾಯತ ಮಾಡಿಸಿ ಕಳಸ್ಲೇನು?"

ನಗಬೇಕೋ ಅಳಬೇಕೋ ತಿಳೀಲಿಲ್ಲ.... "ಅದಲ್ರೀ ಅವ್ವಾರ. ಸೈಕಲ್ ಟ್ಯೂಬು ಪಂಕ್ಚರ್ ಆದ್ರ ನೀರಾಗ ಅದ್ದಿ ನೋಡ್ತಾರಲ್ರೀ, ಗುಳ್ಳಿ ಬರ್ತಾವ. ಹಂಗ ಎದಿಗೆ ಹಾಕಿದ ನಳಿಗಿಯ ಇನ್ನೊಂದು ತುದಿ ಬಾಟ್ಲಿ ನೀರಾಗ ಇಟ್ಟಾರ. ಸೋರಿದ ಗಾಳಿ ಗುಳ್ಳಿಯಾಗಿ ಹೊರಗ ಹೋಗ್ತದ, ಹೊರಗಿನ ಗಾಳಿ ಒಳಗ ಬರಂಗಿಲ್ಲ. ತೂತು ಮುಚ್ಚಿದ್ರ ಗುಳ್ಳಿ ನಿಲ್ತಾವ" ಅಂದೆ.

ಅವತ್ತಿನಿಂದ ಆಕೆ ದಿನಕ್ಕೆ ಎರಡು ಸಲ ಫೋನ್ ಮಾಡಿ ಒಂದೇ ಮಾತು ಕೇಳ್ತಿದ್ರು: "ಗುಳ್ಳಿ ನಿಂತ್ವೇನು?"

ಆರನೇ ದಿನ ನಿಂತವು. ಎಕ್ಸ್‌ರೇಯಲ್ಲಿ ಶ್ವಾಸಕೋಶ ಅರಳಿದ್ದು ಖಾತ್ರಿಯಾದ ಮೇಲೆ ನಳಿಕೆ ತೆಗೆದ್ರು. ಎಲ್ಲರಿಗೂ ಹೀಗಾಗಲ್ಲ. ಅದೇ ವಾರ್ಡಿನಿಂದ ಮನೆಗೆ ಬಾರದವರೂ ಇದ್ದರು.

ಕೋವಿಡ್ ಇರಲಿ, ಜೋರಾದ ಫ್ಲೂ ಇರಲಿ, ಇನ್ನೇನು ಸುಧಾರಿಸಿತು ಅನ್ನುವಾಗ ತಟ್ಟನೆ ಎದೆ ಚುಚ್ಚಿದರೆ, ಉಸಿರು ಕಟ್ಟಿದರೆ, ಕುತ್ತಿಗೆ ಊದಿದರೆ 'ಗ್ಯಾಸ್ ಇರಬೇಕು' ಅಂತ ಸೋಡಾ ಕುಡಿದು ಕೂರಬೇಡಿ. ಆಸ್ಪತ್ರೆಗೆ ಓಡಿ. ಪರಊರಲ್ಲಿರೋ ನಮ್ಮಂಥವರಿಗೆ ಇನ್ನೊಂದು ಮಾತು. ಡಾಕ್ಟರು ಹೇಳಿದ್ದನ್ನ ಊರಿನ ಹಿರಿಯರಿಗೆ ಬಿಡಿಸಿ ಹೇಳೋಕೆ ಐದು ನಿಮಿಷ ಹೆಚ್ಚೇ ತಗೊಳ್ಳಿ.