ಕೆರೆ ಮೀನು ಬಾಯಿ ಬಡೀತಿದೆ

ರಾಗಿ ಕಣ ಮುಗಿದ ಮೇಲೆ ವಾರಕ್ಕೆ ಒಂದೆರಡು ದಿನ ನಾನು ಗಾಳ ಹಿಡ್ಕೊಂಡು ಕೆರೆ ಹತ್ರ ಕೂರೋದು ನಿಮಗೆ ಗೊತ್ತಿರೋದೇ. ಅರ್ಧ ದಿನ ಕೂತು ಒಂದು ಮೀನು ತರೋ ಬದಲು ಸಂತೇಲಿ ತಗೊಂಡ್ ಬನ್ನಿ ಅಂತ ಮನೇಲಿ ಹೇಳ್ತಾರೆ. ಲೆಕ್ಕ ಸರಿ, ಆದರೂ ಹೋಗ್ತೀನಿ. ಮೀನು ಗುತ್ತಿಗೆ ಹಿಡಿದವರನ್ನ ಕೇಳಿಯೇ ಕೂರೋದು. ಮರಿ ಬಿಟ್ಟಿರೋದು ಅವರ ದುಡ್ಡಲ್ಲಿ.

ಚಳಿ ದಿನ ಬೆಳಿಗ್ಗೆ ಬೇಗ ಹೋದ್ರೆ ಪ್ರಯೋಜನ ಇಲ್ಲ. ನೀರು ತಣ್ಣಗಿದ್ರೆ ಗೆಂಡೆ ಸರಿಯಾಗಿ ಮೇಯಲ್ಲ, ಬಿಸಿಲು ಏರಬೇಕು. ಕಡ್ಲೆಕಾಯಿ ಹಿಂಡಿಗೆ ತೌಡು ಕಲಸಿ ಉಂಡೆ ಮಾಡಿ ಒಂದೇ ಜಾಗಕ್ಕೆ ಎಸೀತೀನಿ. ಗಾಳಕ್ಕೆ ಗಟ್ಟಿ ರಾಗಿ ಮುದ್ದೆ. ಮೆತ್ತಗಿದ್ರೆ ಜಿಲೇಬಿ ಮೀನೇ ಕಿತ್ಕೊಂಡು ಹೋಗುತ್ತೆ. ಜಿಲೇಬಿ ಬೆಂಡನ್ನ ಟಕಟಕ ಕುಣಿಸುತ್ತೆ. ಗೆಂಡೆ ಹಾಗಲ್ಲ, ಒಂದ್ಸಲ ಅಲುಗಿಸಿ ಸುಮ್ಮನಾಗುತ್ತೆ, ಆಮೇಲೆ ಬೆಂಡು ಒಂದೇ ಸಮ ಜಾರ್ಕೊಂಡು ಹೋಗುತ್ತೆ. ಆಗ ಎಳೀಬೇಕು. ದೊಡ್ಡದಾದ್ರೆ ದಾರ ಬಿಟ್ಟು ಬಿಟ್ಟು ಸುಸ್ತು ಮಾಡಬೇಕು, ಅವಸರ ಬಿದ್ರೆ ದಾರವೂ ಹೋಯ್ತು ಮೀನೂ ಹೋಯ್ತು.

ಕಾಟ್ಲಾ ಮೇಲ್ನೀರಲ್ಲಿ ಮೇಯುತ್ತೆ, ರೋಹು ನಡುನೀರಲ್ಲಿ, ಮೃಗಾಲ್ ಮತ್ತೆ ಸಾಮಾನ್ಯ ಗೆಂಡೆ ತಳದಲ್ಲಿ. ಗೆಂಡೆ ಕೆಸರು ಕೆದಕಿದ ಕಡೆ ಗುಳ್ಳೆ ಏಳುತ್ತೆ, ನೋಡಿ ಗಾಳ ಬಿಡಿ. ಈ ಸಾಮಾನ್ಯ ಗೆಂಡೆ ನಮ್ಮ ದೇಶದ್ದಲ್ಲ. 1939ರಲ್ಲಿ ಸಿಲೋನ್‌ನಿಂದ ಊಟಿ ಕಡೆಗೆ ತಂದ್ರು. ಇದು ನಿಂತ ನೀರಲ್ಲೂ ಮೊಟ್ಟೆ ಇಡುತ್ತೆ. ಕಾಟ್ಲಾ, ರೋಹು ಕೆರೇಲಿ ಬೆಳೀತವೆ, ಮರಿ ಮಾಡಲ್ಲ, ಅವಕ್ಕೆ ಹರಿಯೋ ಹೊಳೆ ಬೇಕು. 1957ರಲ್ಲಿ ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧರಿಯವರು ಸೂಜಿಮದ್ದು ಕೊಟ್ಟು ಮೊಟ್ಟೆ ಇಡಿಸಿದ್ರು. ಇವತ್ತು ಗುತ್ತಿಗೆದಾರರು ಮರಿ ತಂದು ಬಿಡೋದು ಆ ಕೆಲಸದಿಂದಾನೇ.

ಈಗ ವಿಷಯಕ್ಕೆ ಬರ್ತೀನಿ. ಹೋದ ವಾರ ಮೂರು ದಿನ ಮೋಡ ಮುಚ್ಚಿತ್ತಲ್ಲ, ಮೂರನೇ ದಿನ ಬೆಳಗಿನ ಜಾವ ನೋಡಿದ್ರೆ ಮೀನೆಲ್ಲ ಮೇಲೆ ಬಂದು ಬಾಯಿ ಬಡೀತಿದ್ವು. ಯಾರೋ ವಿಷ ಹಾಕಿದಾರೆ ಅಂತ ಊರಲ್ಲಿ ಸುದ್ದಿ ಆಯ್ತು, ಪಕ್ಕದೂರಿನ ಹುಡುಗರ ಮೇಲೆ ಅನುಮಾನವೂ ಬಂತು. ವಿಷ ಆಗಿದ್ರೆ ಬಿಸಿಲು ಬಂದ ಮೇಲೆ ಮೀನು ಸುಧಾರಿಸ್ಕೊಳ್ತಿರಲಿಲ್ಲ. ಪಾಚಿ ಹಗಲು ಬಿಸಿಲಲ್ಲಿ ನೀರಿಗೆ ಆಮ್ಲಜನಕ ಕೊಡುತ್ತೆ, ರಾತ್ರಿ ಅದೇ ಪಾಚಿ ವಾಪಸ್ ಎಳ್ಕೊಳ್ಳುತ್ತೆ. ಮೋಡ ಇದ್ರೆ ಹಗಲಿನ ಜಮಾ ಕಮ್ಮಿ, ಬೆಳಗಿನ ಜಾವಕ್ಕೆ ಖಾಲಿ. ನೀರು ಕಮ್ಮಿಯಾಗಿ ಬಿಸಿಯಾದಷ್ಟೂ ಇದು ಜಾಸ್ತಿ. ಗುತ್ತಿಗೆದಾರರು ಪಂಪ್ ಇಟ್ಟು ಕೆರೆ ನೀರನ್ನೇ ಎತ್ತಿ ಕೆರೆಗೇ ಚಿಮ್ಮಿಸಿದ್ರು, ಅದಕ್ಕೆ ಉಳ್ಕೊಂಡ್ವು.

ನೀರು ಯಾಕೆ ಕಮ್ಮಿಯಾಯ್ತು ಅಂತ ಎಲ್ಲರಿಗೂ ಗೊತ್ತು. ತೂಬು ಮುಚ್ಚಿದ ಮೇಲೂ ನಾಲ್ಕು ಪಂಪು ಓಡ್ತಿವೆ. ಅವರ ತೋಟ ಒಣಗ್ತಿದೆ, ಕಷ್ಟ ಇದೆ, ಇಲ್ಲ ಅನ್ನಲ್ಲ. ಆದರೆ ಏರಿ ಕೆಳಗಿನ ನಮ್ಮ ಬೋರು, ಊರ ದನ ಎಲ್ಲ ಅದೇ ನೀರು ನಂಬಿವೆ, ಮಳೆಗಿನ್ನೂ ಎರಡು ತಿಂಗಳಿದೆ. ಅವರಲ್ಲಿ ಇಬ್ಬರು ನನಗೆ ಸಂಬಂಧಿಕರು, ಮಾತು ಬಿಟ್ರೂ ಬಿಡಬಹುದು.

ತೂಬಿನ ಮಟ್ಟದಿಂದ ಕೆಳಗಿನ ನೀರು ಮುಟ್ಟಬಾರದು ಅಂತ ಭಾನುವಾರ ಸಂಜೆ ದೇವಸ್ಥಾನದ ಕಟ್ಟೆ ಹತ್ರ ಮಾತಾಡೋಣ. ಪಂಪ್ ಇಟ್ಟಿರೋ ಅಣ್ಣಂದಿರೂ ಬನ್ನಿ, ನಿಮ್ಮ ಲೆಕ್ಕಾನೂ ಹೇಳಿ.