ಅಡುಗೆಮನೆಯ ನೆಲದಲ್ಲೊಂದು ಕಡಲು

ನಮ್ಮೂರು ರಾಮನಗರ. ಮಾಗಡಿ ಕಡೆ ಹೋಗಲಿ, ಕನಕಪುರದ ಕಡೆ ಹೋಗಲಿ, ಕಣ್ಣಿಗೆ ಬೀಳುವುದು ಬಂಡೆಗಳೇ. ಹಾಗಿದ್ದೂ ನಮ್ಮತ್ತೆ ತಮ್ಮ ಅಡುಗೆಮನೆಗೆ ಹಾಸಿಸಿದ್ದು ದೂರದ ಶಹಾಬಾದ್ ಕಲ್ಲು. "ಹಳೇದಾಯ್ತಮ್ಮ, ಕಿತ್ತು ಟೈಲ್ಸ್ ಹಾಕಿಸೋಣ" ಅಂತ ಮಗನ ಹಟ. ಎಷ್ಟು ತಿಕ್ಕಿದರೂ ಹೋಗದ ಬಿಳಿ ಕಲೆಗಳಿಂದ ನನಗೂ ಸಾಕಾಗಿತ್ತು. ಅಷ್ಟರಲ್ಲಿ ಶಹಾಬಾದಿನ ನಾದಿನಿಯ ಮನೆಯಿಂದ ಗೃಹಪ್ರವೇಶದ ಕರೆ ಬಂತು.

ಬೆಂಗಳೂರಿನಲ್ಲಿ ರಾತ್ರಿ ರೈಲು ಹತ್ತಿದೆವು. ರಾಯಚೂರು, ಯಾದಗಿರಿ, ವಾಡಿ ದಾಟಿದರೆ ಕಲಬುರಗಿ ಜಿಲ್ಲೆಯ ಶಹಾಬಾದ್. ನಮ್ಮಲ್ಲಿಯ ಹಾಗೆ ಬೆಟ್ಟಗಳಿಲ್ಲ. ಬೇಲಿಗೂ ಚಪ್ಪಡಿ, ಮಾಡಿಗೂ ಚಪ್ಪಡಿ! ಮರುದಿನ ನಾದಿನಿಯ ಮಗಳ ಜೊತೆ ಕಲ್ಲಿನ ಗಣಿಗೆ ಹೋದೆ. ಮಡಿಸಿ ಪೇರಿಸಿಟ್ಟ ಸೀರೆಗಳ ಹಾಗೆ ಕಲ್ಲಿನ ಪದರಗಳು. ಒಬ್ಬ ಮುದುಕ ಸಂದಿಗೆ ಉಳಿ ಕೊಟ್ಟು ತಟ್ಟಿದರೆ ಇಡೀ ಹಾಳೆ ಎದ್ದು ಬಂತು.

"ಅತ್ತೀ, ನೀವು ನಿಂತಿದ್ದು ಸಮುದ್ರದ ತಳದಾಗ ನೋಡ್ರಿ!" ಅಂದಳು ಹುಡುಗಿ. ಕಾಲೇಜಿನಲ್ಲಿ ಭೂವಿಜ್ಞಾನ ಓದುತ್ತಾಳೆ.

ನಮ್ಮ ರಾಮನಗರದ ಬಂಡೆ ಸುಮಾರು 250 ಕೋಟಿ ವರ್ಷಗಳ ಹಿಂದೆ ಭೂಮಿಯ ಆಳದಲ್ಲಿ ಕರಗಿದ ಕಲ್ಲು ಆರಿ ಗಟ್ಟಿಯಾದದ್ದಂತೆ. ನಮ್ಮೂರಿನ ಹಳೆಯ ಹೆಸರಿನಿಂದಲೇ ಅದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಅನ್ನುತ್ತಾರೆ. ಶಹಾಬಾದಿನದು ಸುಣ್ಣಕಲ್ಲು. ಬಿಸಿನೀರಿನ ಹಂಡೆಯೊಳಗೆ ಬಿಳಿ ಪೊರೆ ಕಟ್ಟುತ್ತದಲ್ಲ, ಹಾಗೆಯೇ ಕಡಲ ನೀರಿನ ಸುಣ್ಣ ತಳಕ್ಕಿಳಿದು ಆದದ್ದು.

ಈ ಪದರಗಳನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಎಲ್ಲಕ್ಕೂ ಅಡಿಯಲ್ಲಿ ಉರುಟುಕಲ್ಲು, ಮರಳು: ಅಂದರೆ ಅಲೆ ಬಡಿಯುವ ದಡ. ಅದರ ಮೇಲೆ ನಯವಾದ ಜೇಡಿ: ನೀರು ಶಾಂತವಾಗಿದೆ. ಆಮೇಲೆ ಸುಣ್ಣ: ಹೊಳೆಯ ಕೆಸರು ತಲುಪದ ತಿಳಿನೀರು. ಕಡಲು ಮೆಲ್ಲಗೆ ನೆಲದ ಮೇಲೆ ಏರಿ ಬಂದ ಕಥೆ ಇದು! ಪದರ ತೆಳ್ಳಗೆ, ಸಮತಟ್ಟಾಗಿದ್ದರೆ ತಳದಲ್ಲಿ ಕಲಕುವ ಅಲೆ ಇರಲಿಲ್ಲವೆಂದೇ ಅರ್ಥ. ನಾನು ಶಂಖ, ಚಿಪ್ಪು ಹುಡುಕಿದೆ. ಸಿಗಲಿಲ್ಲ. ಚಿಪ್ಪಿನ ಪ್ರಾಣಿಗಳು ಹುಟ್ಟುವುದಕ್ಕೂ ಹಿಂದಿನ ಕಡಲು ಇದು ಎಂಬುದು ಭೂವಿಜ್ಞಾನಿಗಳ ಲೆಕ್ಕ.

ಹುಡುಗಿ ಕಲ್ಲಿಗೆ ಒಂದು ತೊಟ್ಟು ಆಸಿಡ್ ಬಿಟ್ಟಳು. ಬುಸ್ಸೆಂದು ನೊರೆ ಬಂತು. ಸುಣ್ಣಕಲ್ಲಿನ ಗುರುತೇ ಅದು. ನಮ್ಮ ಬಂಡೆಯಾದರೆ ಸುಮ್ಮನಿರುತ್ತಿತ್ತು. ತಟ್ಟನೆ ಹೊಳೆಯಿತು: ನನ್ನ ಅಡುಗೆಮನೆಯ ಕಲೆ ಕೊಳೆಯಲ್ಲ, ನಿಂಬೆರಸ ಕಲ್ಲನ್ನೇ ತಿಂದ ಗಾಯ!

ಊರಿಗೆ ಬಂದು ಮಗನಿಗೆ ಎಲ್ಲ ಹೇಳಿದೆ. ನೆಲ ಕೀಳಿಸಲಿಲ್ಲ, ಪಾಲಿಷ್ ಹಾಕಿಸಿದೆವು. ನಿಮ್ಮ ಮನೆಯಲ್ಲೂ ಶಹಾಬಾದ್ ನೆಲವೋ ಕಡಪ ಕಲ್ಲಿನ ಕಟ್ಟೆಯೋ ಇದ್ದರೆ ನಿಂಬೆ, ಹುಣಿಸೆರಸ, ಮೊಸರು ಬಿದ್ದ ಕೂಡಲೇ ಒರೆಸಿಬಿಡಿ. ಆಸಿಡ್ಡನ್ನಂತೂ ಹತ್ತಿರ ತರಬೇಡಿ. ಅಷ್ಟು ಹಳೆಯ ಕಡಲು ನಮ್ಮ ಕಾಲ ಕೆಳಗಿದೆ, ಜೋಪಾನ ಮಾಡೋಣ.